ಬೆಳ್ಳಿಗೂ ಬಿಡುವು ಬೇಕು



ಒಡವೆ ಮಾಡಲು ಕಲಿಯುವವರು ಸಾಮಾನ್ಯವಾಗಿ ತಾಮ್ರದ ತಗಡಿನಿಂದ ಶುರುಮಾಡುತ್ತಾರೆ. ಕೆಟ್ಟರೂ ನಷ್ಟ ಕಡಿಮೆ. ಕೈ ಕುದುರಿದ ಮೇಲೆ ಬೆಳ್ಳಿ. ಅಪ್ಪಟ ಬೆಳ್ಳಿ ತೀರ ಮೆತ್ತಗೆ. ಅದಕ್ಕೇ ಒಡವೆಯ ಬೆಳ್ಳಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 92.5 ಪಾಲು ಬೆಳ್ಳಿಯಿದ್ದರೆ, ಉಳಿದದ್ದು ಹೆಚ್ಚಾಗಿ ತಾಮ್ರ.

ಈ ಕೆಲಸದಲ್ಲಿ ಒಂದು ಸಂಗತಿ ನನ್ನನ್ನು ಬಹಳ ಸೆಳೆಯುತ್ತದೆ. ಸುತ್ತಿಗೆಯಿಂದ ತಟ್ಟಿದಷ್ಟೂ ಲೋಹ ಗಡುಸಾಗುತ್ತದೆ. ಮೊದಮೊದಲು ಹೇಳಿದಂತೆ ಕೇಳುತ್ತಿದ್ದ ತಗಡು, ಬರಬರುತ್ತ ಬಗ್ಗುವುದೇ ಇಲ್ಲ. ಹೊಸಬರು ಆಗ ಇನ್ನೂ ಜೋರಾಗಿ ಹೊಡೆಯುತ್ತಾರೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಮೂಡುತ್ತದೆ.

ಪಳಗಿದ ಅಕ್ಕಸಾಲಿಗರು ಹಾಗಲ್ಲ. ಸುತ್ತಿಗೆ ಕೆಳಗಿಡುತ್ತಾರೆ. ತಗಡನ್ನು ನಸುಗೆಂಪಾಗುವವರೆಗೆ ಬೆಂಕಿಯಲ್ಲಿ ಕಾಯಿಸುತ್ತಾರೆ. ಆ ನಸುಗೆಂಪು ಕಾಣಬೇಕಾದರೆ ಬೆಳಕು ಮಬ್ಬಾಗಿರಬೇಕು. ಕೆಂಪು ಕಂಡಿತೋ, ಬೆಂಕಿ ತೆಗೆದು ತಣಿಸುತ್ತಾರೆ. ಲೋಹ ಮತ್ತೆ ಮೆತ್ತಗಾಗುತ್ತದೆ. ಒಂದು ಬಳೆ ಮುಗಿಯುವುದರೊಳಗೆ ಇದು ಎಷ್ಟೋ ಸಲ ನಡೆಯುತ್ತದೆ.

ಇದನ್ನು ಕಂಡಾಗ, ಲೆಕ್ಕ ಬಾರದೆ ಮಗು ಮುಖ ಬಿಗಿದುಕೊಂಡಾಗ ಗದರದೆ, ಒಂದು ಲೋಟ ಹಾಲು ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಬಿಡುವ ತಾಯಂದಿರಿದ್ದಾರಲ್ಲ, ಅವರ ನೆನಪಾಗುತ್ತದೆ ನನಗೆ. ಆ ಹೊತ್ತು ವ್ಯರ್ಥವಲ್ಲ. ಅದೂ ಕಲಿಕೆಯೇ.

ಇನ್ನು ಹರಳು. ಅದರ ಸರದಿ ಕಡೆಗೆ. ಮುತ್ತು, ಹವಳ ಬೆಂಕಿಯನ್ನು ತಾಳವು. ಬೆಸುಗೆಯೆಲ್ಲ ಮುಗಿದ ಮೇಲೆಯೇ ಅವನ್ನು ಕೂರಿಸಬೇಕು. ಸುತ್ತಲಿನ ಬೆಳ್ಳಿಯ ತೆಳು ಅಂಚನ್ನು ಹರಳಿನ ಮೇಲೆ ಮೆಲ್ಲಗೆ ಒತ್ತಬೇಕು. ಇತ್ತ ಒಮ್ಮೆ, ಅದರ ಎದುರಿಗೆ ಒಮ್ಮೆ. ಒಂದೇ ಕಡೆಯಿಂದ ಒತ್ತುತ್ತ ಹೋದರೆ ಅಂಚು ಸುಕ್ಕುಗಟ್ಟುತ್ತದೆ.