ನೀರಿಗೂ ಒಂದು ಜಾಗ



ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಖಾಲಿ ಜಾಗ ಕಂಡರೆ ಬೆಲೆ ಲೆಕ್ಕ ಹಾಕುವ ಚಟ. ನಿವೃತ್ತನಾದ ಮೇಲೆ, ಅಳಿವೆಯ ಬದಿಯ ನಮ್ಮ ತಗ್ಗು ಜಾಗದ ಕಾಂಡ್ಲಾ ಗಿಡಗಳನ್ನು ಕಡಿಸಿ, ಮಣ್ಣು ತುಂಬಿಸಿ, ಸುತ್ತ ಕಲ್ಲಿನ ಗೋಡೆ ಕಟ್ಟಿಸಿದೆ. ಮುಂದಿನ ಆಟಿ ತಿಂಗಳಲ್ಲಿ ನಮ್ಮ ಅಂಗಳಕ್ಕೆ ನೀರು ಬರಲಿಲ್ಲ. ಆಚೆಮನೆಯ ಚೇಚಿಯ ಅಡುಗೆಕೋಣೆಯಲ್ಲಿ ಮೊಣಕಾಲೆತ್ತರ ನಿಂತಿತು. ಅವರು ಜಗಳಕ್ಕೆ ಬರಲಿಲ್ಲ. "ಏಟ್ಟಾ, ನೀರಿಗೂ ಇರಲಿಕ್ಕೆ ಜಾಗ ಬೇಡವೇ?" ಎಂದು ಮಲಯಾಳದಲ್ಲಿ ಕೇಳಿದರು, ಅಷ್ಟೆ.

ಗುಡ್ಡದ ಮಳೆನೀರು ಹೊಳೆಗಿಳಿಯುವ ಹೊತ್ತಿಗೇ ಕಡಲು ಉಬ್ಬರದಲ್ಲಿದ್ದರೆ ನೀರು ಹೊರಹೋಗದೆ ಹಿಂದಕ್ಕೆ ಒತ್ತುತ್ತದೆ. ಇಳಿತ ಬರುವವರೆಗೆ ಅದು ತಂಗಲು ತಗ್ಗು ಬಯಲು ಬೇಕು. ಕಾಂಡ್ಲಾದ ಬೇರುಗಳು ಅಲೆಯ ರಭಸ ತಗ್ಗಿಸಿ ಕೆಸರನ್ನು ಹಿಡಿದಿಡುತ್ತವೆ. ನಾನು ತೆಗೆದದ್ದು ಈ ಎರಡು ರಕ್ಷಣೆಗಳನ್ನೂ.

ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಪಳಯಂಗಾಡಿಯಲ್ಲಿ ಕಲ್ಲೇನ್ ಪೊಕ್ಕುಡನ್ ಅವರು 1989ರಲ್ಲಿ ಕಾಂಡ್ಲಾ ನೆಡತೊಡಗಿದರು. ಹೊಳೆಯ ಕಟ್ಟದ ಮೇಲೆ ಶಾಲೆಗೆ ಹೋಗುವ ಮಕ್ಕಳನ್ನು ಗಾಳಿ, ಅಲೆಗಳಿಂದ ಕಾಯುವುದು ಅವರ ಉದ್ದೇಶ. 2015ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕೆಲಸ ಬಿಡಲಿಲ್ಲ. ತಮಿಳುನಾಡಿನ ನಾಗಪಟ್ಟಣಂ ಕರಾವಳಿಯ ನಾಲುವೇದಪತಿಯವರು 2002ರಲ್ಲಿ ಒಂದೇ ದಿನ 80,244 ಸಸಿ ನೆಟ್ಟರು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಆ ತೋಪು ಅಲೆಯ ಬಲ ಮುರಿಯಿತು.

ಮರಗಳಿದ್ದರೆ ಎಲ್ಲವೂ ನಿಲ್ಲುತ್ತದೆಂದಲ್ಲ. ಸುನಾಮಿ ಸುದ್ದಿ ಬಂದರೆ ಎತ್ತರಕ್ಕೆ ಓಡಲೇಬೇಕು. ಎಲ್ಲೆಡೆ ಒಂದೇ ಗಿಡವೂ ಸಲ್ಲದು. ಕಾಂಡ್ಲಾ ಅಳಿವೆಯ ಕೆಸರಿಗೆ. ಕಡಲ ದಡದ ಹೊಯಿಗೆಗೆ ಅಲ್ಲೇ ಹಬ್ಬುವ ಬಳ್ಳಿ, ಅದರ ಹಿಂದೆ ಕೇದಗೆ, ಅದರ ಹಿಂದೆ ಹೊನ್ನೆಯಂಥ ಮರ. ಕಡಲಾಮೆ ಮೊಟ್ಟೆಯಿಡುವ ಹೊಯಿಗೆಯಲ್ಲಿ ಗಾಳಿಮರ ತುಂಬಿಸಬಾರದು. ಒಳಗೆ ಮಕ್ಕಳ ಆಟದ ಬಯಲನ್ನು ಮನೆಗಳಿಗಿಂತ ತಗ್ಗಿನಲ್ಲಿಟ್ಟು, ತೋಡಿಗೆ ದಾರಿ ಬಿಟ್ಟರೆ, ಬೇಸಿಗೆಯಲ್ಲಿ ಅದು ಮಕ್ಕಳಿಗೆ, ಮಳೆಗಾಲದಲ್ಲಿ ನೀರಿಗೆ.

ನಾನು ಗೋಡೆಯನ್ನು ಎರಡು ಕಡೆ ಒಡೆಸಿ, ತುಂಬಿಸಿದ ಮಣ್ಣನ್ನು ತೆಗೆಸಿದೆ. ಖರ್ಚು ತುಂಬಿಸಿದ್ದಕ್ಕಿಂತ ಹೆಚ್ಚಾಯಿತು. ಕಾಂಡ್ಲಾ ಸಸಿ ನೆಡುವಾಗ ಚೇಚಿಯೂ ಕೆಸರಿಗಿಳಿದರು. ಸಸಿಗಳು ಈಗ ಮೊಣಕಾಲೆತ್ತರ ಇವೆ. ಮರವಾಗಲು ವರ್ಷಗಳು ಬೇಕು. ಕಡಿಯಲು ಒಂದು ದಿನ ಸಾಕಾಗಿತ್ತು.

ನಿಮ್ಮ ಗ್ರಾಮಸಭೆಯಲ್ಲಿ ದಡದ ಖಾಲಿ ಜಾಗದ ಮಾತು ಬಂದರೆ, ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ, ಚೇಚಿ ಕೇಳಿದ್ದನ್ನೇ ಒಮ್ಮೆ ಕೇಳಿ. ಆ ಜಾಗ ಪಾಳುಬಿದ್ದದ್ದಲ್ಲ. ಊರಿನವರು ಕಷ್ಟಕಾಲಕ್ಕೆ ಇಟ್ಟ ಠೇವಣಿ.