ಗುಳಿಗೆಯ ಅಂಜಿಕೆ

ಜತ್ತ, ಅಕ್ಕಲಕೋಟೆ ಕಡೆಯ ನಮ್ಮ ಹಳ್ಳಿಗಳಲ್ಲಿ ಗುಳಿಗೆ ಎನ್ನಿ, ಗೋಳಿ ಎನ್ನಿ, ಅಂಜಿಕೆ ಮಾತ್ರ ಒಂದೇ. ಸೂಜಿಗೆ ತೋಳು ಚಾಚುವವರೂ ಗುಳಿಗೆ ಎಂದರೆ "ಉಷ್ಣ ಆಗ್ತದರಿ" ಎಂದು ಹಿಂದೆ ಸರಿಯುತ್ತಾರೆ.

ಕ್ಷಯದ ಗುಳಿಗೆಯನ್ನೇ ನೋಡಿ. ನುಂಗಿದ ಕೆಲವೇ ತಾಸಿನಲ್ಲಿ ಮೂತ್ರ ಕೆಂಪಗೆ, ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮನೆಯವರ ಎದೆ ಧಸಕ್ಕೆನ್ನುತ್ತದೆ. ರಕ್ತವೇ ಹೋಗುತ್ತಿದೆ, ಔಷಧ ಒಳಗೆಲ್ಲ ಸುಟ್ಟಿತು ಎಂದು ಗುಳಿಗೆ ಗೂಡು ಸೇರುತ್ತದೆ. ಅದು ರಕ್ತವಲ್ಲ. ಅದರಲ್ಲಿರುವ ರಿಫಾಂಪಿಸಿನ್ ಎಂಬ ಔಷಧದ ಬಣ್ಣವೇ ಕೆಂಪು. ಬೆವರು, ಕಣ್ಣೀರಿನಲ್ಲೂ ಅದು ಇಳಿಯುತ್ತದೆ. ಬೀಟ್‌ರೂಟ್ ತಿಂದವರಿಗೆ ಇದೇನು ಹೊಸದಲ್ಲ!

ಕೆಲವು ವಾರಗಳಲ್ಲಿ ಕೆಮ್ಮು ಇಳಿದು ಹಸಿವು ಮರಳುತ್ತದೆ. "ಆರಾಮಾತು, ಇನ್ನ್ಯಾಕ ಆ ವಿಷ?" ಎನ್ನುವುದು ಆಗಲೇ. ಹೆಚ್ಚು ಹಾಳು ಮಾಡುವುದು ಈ ಮಾತೇ. ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಬೇಕು: ಮೊದಲ 2 ತಿಂಗಳು 4 ಔಷಧ, ಮುಂದಿನ 4 ತಿಂಗಳು 3. ನಡುವೆ ಬಿಟ್ಟರೆ ಉಳಿದ ರೋಗಾಣು ಆ ಔಷಧಕ್ಕೇ ಬಗ್ಗದಂತಾಗಬಹುದು.

ಎಲ್ಲ ಅಂಜಿಕೆಯೂ ಸುಳ್ಳೆಂದು ಹೇಳಲಾರೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅದೇ ದಿನ ದವಾಖಾನೆಗೆ ಹೋಗಿ. ಮರಾಠಿ ಸರಿಯಾಗಿ ಹಿಡಿಯದ ಹಿರಿಯರು ಮಗನನ್ನೋ ಸೊಸೆಯನ್ನೋ ಜತೆಗೆ ಕರೆದೊಯ್ಯಲಿ. ಸರ್ಕಾರಿ ದವಾಖಾನೆಯಲ್ಲಿ ಈ ಗುಳಿಗೆಗೆ ದುಡ್ಡಿಲ್ಲ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು; 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಬ್ಯಾಂಕಿನ ಪಾಸ್‌ಬುಕ್ ಒಯ್ಯಲು ಮರೆಯಬೇಡಿ.