ಎದೆಯ ಮೇಲಿನ ಅಕ್ಷರ

ನವೆಂಬರ್ 1ರ ಕನ್ನಡ ರಾಜ್ಯೋತ್ಸವಕ್ಕೆ ಕನ್ನಡ ಅಕ್ಷರದ ಟೀ ಶರ್ಟು ತೊಡುವುದು ಈಗ ವಾಡಿಕೆ. ಅದನ್ನು ಮನೆಯಲ್ಲೇ ಮಾಡಬಹುದು. ಟ್ರಾನ್ಸ್‌ಫರ್ ಹಾಳೆ, ಬಿಳಿಯ ಹತ್ತಿ ಶರ್ಟು, ಇಸ್ತ್ರಿಪೆಟ್ಟಿಗೆ ಇರಲಿ. ತಿಳಿ ಬಟ್ಟೆಯ ಹಾಳೆಯಾದರೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಮುದ್ರಿಸಬೇಕು. ಇಸ್ತ್ರಿಯಲ್ಲಿ ಹಬೆ ಬೇಡ. ಶರ್ಟನ್ನು ಗಟ್ಟಿ ಹಲಗೆಯ ಮೇಲಿಟ್ಟು, ಅದರ ಮೇಲೆ ಹಾಳೆಯಿಟ್ಟು ದೊಡ್ಡವರೇ ಇಸ್ತ್ರಿ ಒತ್ತಿ ಹಿಡಿಯಲಿ. ಬಿಸಿಗೆ ಹಾಳೆಯ ಪದರ ಕರಗಿ ನೂಲಿಗೆ ಕಚ್ಚಿಕೊಳ್ಳುತ್ತದೆ.

ಬರೆಯುವುದೇನು? ತಂತಮ್ಮ ಊರಿನ ಹಿರಿಮೆಯನ್ನು. ಕೋಲಾರ ಜಿಲ್ಲೆಯ ಮುಳಬಾಗಿಲಿನ ಮಗು ಕವಿ ಡಿ.ವಿ.ಜಿ. ಅವರ ಹೆಸರು ಬರೆಯಲಿ, ಮಾಲೂರಿನದು 1983ರ ಜ್ಞಾನಪೀಠ ಪಡೆದ ಮಾಸ್ತಿಯವರ ಹೆಸರು ಬರೆಯಲಿ. ಶ್ರೀನಿವಾಸಪುರದವರು ಮಾವು ಬಿಡಿಸಲಿ. ಕೋಲಾರದ ಕಡೆ ಮನೆಮಾತು ತೆಲುಗಾದ ಮಕ್ಕಳು ಬಹಳ. ಕನ್ನಡದ ಒತ್ತಕ್ಷರವನ್ನು ತಾವೇ ಜೋಡಿಸಿ, ಎದೆಯ ಮೇಲೆ ಹೊತ್ತು ಶಾಲೆಗೆ ಹೋಗುವ ಅವರ ಹೆಮ್ಮೆ ನನಗೆ ಬಹಳ ದೊಡ್ಡದು.

ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರನ್ನೇ ಬಳಸಿ.